ಫ್ರಿಜ್ ಮುಟ್ಟಿದರೆ ಶಾಕ್: ಮನೆಯ ಅರ್ಥಿಂಗ್ ಎಲ್ಲಿ ಕೆಟ್ಟಿದೆ ಎಂದು ಹುಡುಕುವ ಬಗೆ

ಫ್ರಿಜ್ ಬಾಗಿಲು ಹಿಡಿದರೆ ಕೈ ಜುಮ್ ಎನ್ನುತ್ತದೆ. ಗೀಸರ್ ಆನ್ ಇದ್ದಾಗ ನಲ್ಲಿ ಮುಟ್ಟಿದರೆ ಚುರುಕ್ ಎನ್ನುತ್ತದೆ. ಮಿಕ್ಸಿ, ವಾಷಿಂಗ್ ಮಷೀನ್, ಕಂಪ್ಯೂಟರ್ ಡಬ್ಬ, ಯಾವುದಾದರೂ ಒಂದು ಹೀಗೆ ಮಾಡದ ಹಳೆಯ ಮನೆ ಕಡಿಮೆ. ಬಹಳ ಮನೆಗಳಲ್ಲಿ ಇದಕ್ಕೆ ಕಂಡುಕೊಂಡ ಪರಿಹಾರ ಒಂದೇ: "ಚಪ್ಪಲಿ ಹಾಕ್ಕೊಂಡು ಮುಟ್ಟು." ಚಪ್ಪಲಿ ಹಾಕದ ಮಗು ಅದೇ ಫ್ರಿಜ್ ಮುಟ್ಟುತ್ತದೆ, ಅಲ್ವಾ? ನೆಲ ಒರೆಸಿ ಒದ್ದೆ ಕಾಲಲ್ಲಿ ನಿಂತ ಅಮ್ಮನೂ ಮುಟ್ಟುತ್ತಾರೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಉಪಕರಣದ ಮೈ ಮುಟ್ಟಿದರೆ ಶಾಕ್ ಹೊಡೆಯುತ್ತಿದೆ ಎಂದರೆ ಮನೆಯಲ್ಲಿ ಸಾಮಾನ್ಯವಾಗಿ ದೋಷಗಳು ಎರಡಿರುತ್ತವೆ. ಎಲ್ಲೋ ಕರೆಂಟ್ ಲೀಕ್ ಆಗುತ್ತಿದೆ, ಇದು ಒಂದು. ಹಾಗೆ ಲೀಕ್ ಆದ ಕರೆಂಟ್ ನೆಲಕ್ಕೆ ಹೋಗಬೇಕಾದ ದಾರಿ ಕಡಿದುಹೋಗಿದೆ, ಇದು ಇನ್ನೊಂದು. ಅರ್ಥ್ ಸರಿಯಿದ್ದಿದ್ದರೆ ಲೀಕ್ ಆದ ಕರೆಂಟ್ ನಿಮ್ಮ ಕೈಯನ್ನು ಹುಡುಕಿಕೊಂಡು ಬರುತ್ತಿರಲಿಲ್ಲ. ಬಹುತೇಕ ರಿಪೇರಿಗಳಲ್ಲಿ ಇವೆರಡರಲ್ಲಿ ಒಂದು ಮಾತ್ರ ಸರಿಯಾಗುತ್ತದೆ. ಫ್ರಿಜ್ ರಿಪೇರಿಯವರು ಬಂದು ಲೀಕ್ ಸರಿ ಮಾಡಿ ಹೋಗುತ್ತಾರೆ, ಕಡಿದ ಅರ್ಥ್ ಹಾಗೇ ಉಳಿಯುತ್ತದೆ. ಆರು ತಿಂಗಳ ಮೇಲೆ ಗೀಸರ್ ಲೀಕ್ ಆದಾಗ ಕಥೆ ಮತ್ತೆ ಶುರು. ಎರಡನ್ನೂ ಹಿಡಿಯುವವರೆಗೆ ಕೆಲಸ ಮುಗಿದಿಲ್ಲ ಎಂದೇ ತಿಳಿಯಿರಿ.

ಹುಡುಕಾಟ ಶುರು ಮಾಡುವ ಮುಂಚೆ ಶಾಕ್ ಹೊಡೆಯುವ ಉಪಕರಣದ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಹಳೆಯ ವೈರಿಂಗ್‌ನಲ್ಲಿ ಸ್ವಿಚ್ಚನ್ನು ನ್ಯೂಟ್ರಲ್ ತಂತಿಗೆ (ಕರೆಂಟ್ ವಾಪಸ್ ಹೋಗುವ ತಂತಿ) ಹಾಕಿರುವುದು ಉಂಟು. ಆಗ ಸ್ವಿಚ್ ಆಫ್ ಆದರೂ ಫೇಸ್, ಅಂದರೆ ಕರೆಂಟ್ ತರುವ ತಂತಿ, ಉಪಕರಣದ ಒಳಗೇ ನಿಂತಿರುತ್ತದೆ. ಗೋಡೆಯೇ ಶಾಕ್ ಹೊಡೆಯುತ್ತಿದ್ದರೆ, ಅಥವಾ ಒಂದಕ್ಕಿಂತ ಹೆಚ್ಚು ಉಪಕರಣ ಹೊಡೆಯುತ್ತಿದ್ದರೆ ಮೇನ್ ಸ್ವಿಚ್ ಇಳಿಸಿ. ಗೀಸರ್ ವಿಷಯದಲ್ಲಿ ಸಂಶಯ ಬಂದರೆ ತಣ್ಣೀರಲ್ಲೇ ಸ್ನಾನ ಮಾಡಿ, ಇಲ್ಲ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ. ಒದ್ದೆ ಮೈಗೆ ಸ್ವಲ್ಪ ಕರೆಂಟೂ ಜಾಸ್ತಿಯೇ.

ಯಾವ ಕೆಲಸ ನಿಮ್ಮದು, ಯಾವುದು ಅಲ್ಲ ಎಂಬುದೂ ಇಲ್ಲೇ ತೀರ್ಮಾನವಾಗಲಿ. ನೋಡುವುದು, ಪ್ಲಗ್ ಕಿತ್ತು ಹಾಕುವುದು, ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರ್ ಹಿಡಿಯಲು ಬರುವುದಾದರೆ ಸಾಕೆಟ್‌ನಲ್ಲಿ ಅಳೆಯುವುದು, ಇಷ್ಟು ನೀವು ಮಾಡಬಹುದು. ಬೋರ್ಡ್ ಬಿಚ್ಚುವುದು, ಡಿಬಿ (ಮನೆಗೆಲ್ಲ ಕರೆಂಟ್ ಹಂಚುವ ಪೆಟ್ಟಿಗೆ) ಮುಟ್ಟುವುದು, ಅರ್ಥ್ ಗುಂಡಿಯ (ಅರ್ಥ್ ಪೈಪ್ ಹೂತ ಗುಂಡಿ) ತಂತಿ ಬಿಚ್ಚುವುದು ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ ಕೆಲಸ. ಆದರೂ ಇಡೀ ಹುಡುಕಾಟ ಹೇಗೆ ನಡೆಯುತ್ತದೆ ಎಂಬುದು ನಿಮಗೂ ಗೊತ್ತಿರಬೇಕು. ಬಂದವರು ಅಳೆಯದೆ, ಗುಂಡಿಗೆ ಎರಡು ಬಕೆಟ್ ನೀರು ಸುರಿದು "ಸರಿಯಾಯ್ತು ಸಾರ್" ಎಂದು ಹೊರಟರೆ ತಡೆದು ಕೇಳಲು ಬರುತ್ತದೆ.

ಸಾಕೆಟ್‌ನಲ್ಲಿ ಮೂರು ರೀಡಿಂಗ್

ನಮ್ಮ ಮೂರು ಪಿನ್ ಸಾಕೆಟ್‌ನಲ್ಲಿ ಮೇಲಿನ ದಪ್ಪ ತೂತು ಅರ್ಥ್. ಸಾಕೆಟ್‌ಗೆ ಮುಖ ಮಾಡಿ ನಿಂತರೆ ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್ ಇರಬೇಕು. ಪ್ಲಗ್‌ನ ಅರ್ಥ್ ಪಿನ್ ಮಿಕ್ಕ ಎರಡಕ್ಕಿಂತ ಉದ್ದ ಮತ್ತು ದಪ್ಪ. ಹಾಕುವಾಗ ಅದು ಮೊದಲು ಕೂರಬೇಕು, ಕೀಳುವಾಗ ಕೊನೆಗೆ ಬಿಡಬೇಕು ಎಂದೇ ಹಾಗೆ ಮಾಡಿರುವುದು.

ಮಲ್ಟಿಮೀಟರನ್ನು ಎಸಿ ವೋಲ್ಟ್‌ನ ದೊಡ್ಡ ರೇಂಜಿಗೆ, 600 ಅಥವಾ 750ಕ್ಕೆ ಇಡಿ. ಕೆಂಪು ಪ್ರೋಬ್ 10 ಆಂಪ್ ತೂತಿನಲ್ಲಿ ಉಳಿದುಕೊಂಡಿಲ್ಲ ತಾನೆ ಎಂದು ನೋಡಿಕೊಳ್ಳಿ. ಕೈ ಒಣಗಿರಲಿ, ಕಾಲಲ್ಲಿ ಚಪ್ಪಲಿ ಇರಲಿ, ಬೆರಳು ಪ್ರೋಬ್‌ನ ಲೋಹದಿಂದ ದೂರ ಇರಲಿ. ಹೊಸ ಸಾಕೆಟ್‌ಗಳಲ್ಲಿ ಒಳಗೆ ಮುಚ್ಚಳ ಇರುತ್ತದೆ, ಪ್ರೋಬ್ ಸುಲಭಕ್ಕೆ ಇಳಿಯುವುದಿಲ್ಲ. ಅದನ್ನು ಸ್ಕ್ರೂಡ್ರೈವರ್‌ನಿಂದ ಮೀಟಲು ಹೋಗಬೇಡಿ, ಎಲೆಕ್ಟ್ರೀಷಿಯನ್‌ಗೆ ಬಿಡಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದನ್ನು ಆಫ್ ಮಾಡಿ, ಲೈನ್ ಕರೆಂಟ್ ಇದ್ದಾಗ ಮಾತ್ರ ಅಳೆಯಿರಿ. ಇನ್ವರ್ಟರ್ ಮೇಲೆ ಓಡುವಾಗ ಸಿಗುವ ರೀಡಿಂಗ್ ದಾರಿ ತಪ್ಪಿಸುತ್ತದೆ.

ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್. ಹೀಗಿದ್ದರೆ ಅರ್ಥ್ ತಂತಿ ಎಲ್ಲೋ ಒಂದು ಕಡೆ ನೆಲಕ್ಕೆ ಸೇರಿದೆ ಎಂದರ್ಥ. ಎಷ್ಟು ಚೆನ್ನಾಗಿ ಸೇರಿದೆ ಎಂಬುದು ಇದರಿಂದ ಗೊತ್ತಾಗದು, ಅದಕ್ಕೆ ಆಮೇಲೆ ಬರುತ್ತೇನೆ.

ಫೇಸ್–ಅರ್ಥ್ ನಡುವೆ 40, 80, 110 ಎಂದು ಅಂಕಿ ಅಲೆಯುತ್ತಿದ್ದರೆ ಆ ಸಾಕೆಟ್‌ನ ಅರ್ಥ್ ಎಲ್ಲೂ ಸೇರಿಲ್ಲ. ಪಕ್ಕದ ತಂತಿಗಳ ಪ್ರಭಾವದಿಂದ ಹುಟ್ಟುವ ಹುಸಿ ವೋಲ್ಟೇಜನ್ನೂ ಡಿಜಿಟಲ್ ಮೀಟರ್ ತೋರಿಸುತ್ತದೆ. ಅದನ್ನು ಕಂಡು "ಸ್ವಲ್ಪ ಅರ್ಥ್ ಬರ್ತಿದೆ" ಎನ್ನುವವರಿದ್ದಾರೆ. ಸ್ವಲ್ಪ ಅರ್ಥ್ ಎಂಬುದಿಲ್ಲ, ಅದು ಕಡಿದ ತಂತಿ.

ಇನ್ನೊಂದು ರೀಡಿಂಗ್ ಇದೆ, ಅದರ ಮುಂದೆ ಸ್ವಲ್ಪ ನಿಲ್ಲಬೇಕು. ಬಲ ತೂತು ಮತ್ತು ಅರ್ಥ್ ನಡುವೆ ಸೊನ್ನೆ, ಎಡ ತೂತು ಮತ್ತು ಅರ್ಥ್ ನಡುವೆ 230. ಫೇಸ್–ನ್ಯೂಟ್ರಲ್ ಅದಲುಬದಲಾಗಿದೆ ಎಂದು ತಕ್ಷಣ ಅನ್ನಿಸುತ್ತದೆ, ಬಹುಪಾಲು ಹಾಗೇ ಇರುತ್ತದೆ. ಆದರೆ ಅರ್ಥ್ ತಂತಿಗೇ ಫೇಸ್ ಸೇರಿಕೊಂಡಿದ್ದರೂ ಅಂಕಿ ಇದೇ! ಬೇರೆ ಮಾಡಿ ನೋಡಲು ಸ್ಕ್ರೂಡ್ರೈವರ್ ಹಾಗಿರುವ, ಒಳಗೆ ದೀಪ ಇರುವ ಸಾದಾ ಟೆಸ್ಟರ್ ಸಾಕು. ಎಡ ತೂತಿನಲ್ಲಿ ಮಾತ್ರ ದೀಪ ಹೊತ್ತಿದರೆ ತಂತಿ ಅದಲುಬದಲು. ಬಲ ತೂತಿನಲ್ಲೂ ಮೇಲಿನ ದಪ್ಪ ತೂತಿನಲ್ಲೂ ಹೊತ್ತಿದರೆ ಮನೆಯ ಲೋಹದ ಮೈಗಳೆಲ್ಲ ಲೈವ್ ಆಗಿರಬಹುದು. ಆ ಕ್ಷಣವೇ ಮೇನ್ ಇಳಿಸಿ, ಎಲೆಕ್ಟ್ರೀಷಿಯನ್ ಬರುವವರೆಗೆ ಎತ್ತಬೇಡಿ.

ನ್ಯೂಟ್ರಲ್–ಅರ್ಥ್ ನಡುವೆ 20, 40 ಎಂದು ಬಂದು, ಗೀಸರ್ ಅಥವಾ ಇಸ್ತ್ರಿಪೆಟ್ಟಿಗೆ ಹಾಕಿದಾಗ ಇನ್ನೂ ಏರುತ್ತಿದ್ದರೆ ಮೊದಲು ಸಂಶಯ ಪಡಬೇಕಾದದ್ದು ನ್ಯೂಟ್ರಲ್ ಮೇಲೆ. ಎಲ್ಲೋ ಅದರ ಜಾಯಿಂಟ್ ಸಡಿಲವಾಗಿದೆ. ಜೊತೆಗೆ ದೀಪಗಳು ಒಮ್ಮೆ ಮಂಕು, ಒಮ್ಮೆ ಪ್ರಖರ ಆಗುತ್ತಿದ್ದರೆ, ಅಕ್ಕಪಕ್ಕದ ಮನೆಯಲ್ಲೂ ಹಾಗೇ ಇದ್ದರೆ ಕಂಬದ ಕಡೆಯ ದೋಷ. ವಿದ್ಯುತ್ ಕಂಪನಿಯ ದೂರಿನ ನಂಬರ್ 1912ಕ್ಕೆ ಫೋನ್ ಮಾಡಿ, ಟಿವಿ–ಫ್ರಿಜ್ ಪ್ಲಗ್ ಕಿತ್ತಿಡಿ.

ಯಾವ ಉಪಕರಣ ಲೀಕ್?

ಹೊಡೆಯುತ್ತಿರುವ ಉಪಕರಣವೇ ಕೆಟ್ಟಿದೆ ಎಂದು ನಂಬಬೇಡಿ. ತುಮಕೂರಿನಲ್ಲಿ ಗೆಳೆಯರೊಬ್ಬರ ಮನೆಯ ಫ್ರಿಜ್ ಬೆಳಿಗ್ಗೆ ಹೊತ್ತು ಮಾತ್ರ ಜುಮ್ ಎನ್ನುತ್ತಿತ್ತು, ಮಧ್ಯಾಹ್ನ ಏನೂ ಇಲ್ಲ. ಫ್ರಿಜ್ ಒಳಗೆ ಹುಡುಕಿದರೆ ಎಲ್ಲ ಸರಿ. ಬೆಳಿಗ್ಗೆ ಅಡುಗೆಮನೆ ಸಾಕೆಟ್‌ನಲ್ಲಿ ನ್ಯೂಟ್ರಲ್–ಅರ್ಥ್ ನಡುವೆ ಮೀಟರ್ ಇಟ್ಟರೆ 140 ವೋಲ್ಟ್. ಒಬ್ಬರು ಮೀಟರ್ ನೋಡುತ್ತಾ ನಿಂತು, ಇನ್ನೊಬ್ಬರು ಮನೆಯ ಪ್ಲಗ್‌ಗಳನ್ನು ಒಂದೊಂದಾಗಿ ಕೀಳುತ್ತಾ ಬಂದರು. ಬಚ್ಚಲಿನ ಗೀಸರ್ ಪ್ಲಗ್ ಕಿತ್ತದ್ದೇ ತಡ, 140 ಹೋಗಿ 20ರ ಹತ್ತಿರ ಬಂತು. ಲೀಕ್ ಇದ್ದದ್ದು ಗೀಸರ್‌ನಲ್ಲಿ. ಮೇನ್ ಬೋರ್ಡಿನಿಂದ ಗುಂಡಿಗೆ ಹೋಗುವ ತಂತಿ ಸ್ಕ್ರೂ ಹತ್ತಿರ ತುಕ್ಕು ಹಿಡಿದು ತುಂಡಾಗಿತ್ತು. ಗೀಸರ್‌ನ ಕರೆಂಟ್ ನೆಲಕ್ಕೆ ಹೋಗಲಾರದೆ ಮನೆಯ ಅರ್ಥ್ ತಂತಿಗಳಲ್ಲೆಲ್ಲ ಹರಡಿ ಫ್ರಿಜ್ ಮೈಗೆ ಬರುತ್ತಿತ್ತು. ಫ್ರಿಜ್ ಬದಲಿಸಿದ್ದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗುತ್ತಿತ್ತು.

ಈ ಪ್ಲಗ್ ಕೀಳುವ ವಿಧಾನ ನನಗೆ ಬಹಳ ಇಷ್ಟ. ಏನನ್ನೂ ಬಿಚ್ಚಬೇಕಿಲ್ಲ, ಮೀಟರ್ ಒಂದಿದ್ದರೆ ಆಯಿತು.

ಲೀಕ್ ಆಗುವ ಉಪಕರಣ ಗೊತ್ತಾದ ಮೇಲೆ ಅದರ ಪ್ಲಗ್ ಹೊರಗಿಟ್ಟು ಎರಡು ಪರೀಕ್ಷೆ. ಮೊದಲನೆಯದು, ಪ್ಲಗ್‌ನ ದಪ್ಪ ಪಿನ್‌ನಿಂದ ಉಪಕರಣದ ಲೋಹದ ಮೈಗೆ ಓಮ್ (ಕರೆಂಟಿಗೆ ಇರುವ ತಡೆ) ಅಳೆಯುವುದು. ಬಣ್ಣದ ಮೇಲೆ ಪ್ರೋಬ್ ಇಟ್ಟರೆ ಏನೂ ಬರದು, ಬಣ್ಣ ಇಲ್ಲದ ಸ್ಕ್ರೂ ಹುಡುಕಿ. ಒಂದು ಓಮ್‌ಗಿಂತ ಕಡಿಮೆ ಬರಬೇಕು. ಬರದಿದ್ದರೆ ಪ್ಲಗ್ ಬಿಚ್ಚಿ ನೋಡಿ. ಹಸಿರು ತಂತಿ ಸ್ಕ್ರೂನಿಂದ ಕಳಚಿಕೊಂಡಿರುತ್ತದೆ, ಇಲ್ಲ ಯಾರೋ ಎರಡು ಕೋರ್ ವೈರ್ ಹಾಕಿ ಮೂರು ಪಿನ್ ಪ್ಲಗ್ ಸಿಕ್ಕಿಸಿರುತ್ತಾರೆ. ಎರಡನೆಯದು, ಫೇಸ್ ಮತ್ತು ನ್ಯೂಟ್ರಲ್ ಪಿನ್ ಎರಡನ್ನೂ ಸೇರಿಸಿ ಅಲ್ಲಿಂದ ಮೈಗೆ ಇನ್ಸುಲೇಷನ್ ನೋಡುವುದು. ಮಲ್ಟಿಮೀಟರ್ ಬ್ಯಾಟರಿಯ ಅಲ್ಪ ವೋಲ್ಟೇಜಿಗೆ ಸಣ್ಣ ಲೀಕ್ ಸಿಕ್ಕಿಬೀಳುವುದಿಲ್ಲ. 500 ವೋಲ್ಟ್ ಕೊಟ್ಟು ಇನ್ಸುಲೇಷನ್ ಅಳೆಯುವ ಮೆಗ್ಗರ್ ಬೇಕು. ಒಂದು ಮೆಗಾ ಓಮ್‌ಗಿಂತ ಕಡಿಮೆ ಬಂದರೆ ರಿಪೇರಿಯಾಗದೆ ಆ ಉಪಕರಣ ಬಳಸಬೇಡಿ. ಬೋರ್‌ವೆಲ್ ನೀರಿನ ಊರುಗಳಲ್ಲಿ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟಿ, ಕಾಯಿಲ್ ಅತಿಯಾಗಿ ಬಿಸಿಯಾಗಿ, ಮೇಲಿನ ಕೊಳವೆ ಬಿರುಕು ಬಿಡುತ್ತದೆ. ಕೆಲವು ಕಾಯಿಲ್‌ಗಳು ತಣ್ಣಗಿದ್ದಾಗ ಮೆಗ್ಗರ್‌ನಲ್ಲಿ ಪಾಸಾಗಿ ಬಿಸಿಯಾದ ಮೇಲೆ ಲೀಕ್ ಆಗುತ್ತವೆ. ಕಾಯಿಸಿ, ಪ್ಲಗ್ ಕಿತ್ತು, ತಕ್ಷಣ ಇನ್ನೊಮ್ಮೆ ಅಳೆಯಲು ಹೇಳಿ.

ಕಂಪ್ಯೂಟರ್ ಡಬ್ಬದ ವಿಷಯ ಸ್ವಲ್ಪ ಬೇರೆ. ಅದರ ಪವರ್ ಸಪ್ಲೈ ಒಳಗೆ ಫೇಸ್‌ನಿಂದ ಮೈಗೆ, ನ್ಯೂಟ್ರಲ್‌ನಿಂದ ಮೈಗೆ ಚಿಕ್ಕ ಕೆಪಾಸಿಟರ್‌ಗಳನ್ನು ಕಂಪನಿಯೇ ಹಾಕಿರುತ್ತದೆ. ಅರ್ಥ್ ಇಲ್ಲದಿದ್ದರೆ ಡಬ್ಬದ ಮೈ ಸುಮಾರು 115 ವೋಲ್ಟಿಗೆ ತೇಲುತ್ತದೆ, ಕೈಗೆ ಜುಮ್ ಎನ್ನುತ್ತದೆ. ಇಲ್ಲಿ ಉಪಕರಣ ಕೆಟ್ಟಿಲ್ಲ. ಹುಡುಕಬೇಕಾದದ್ದು ಅರ್ಥ್ ಒಂದನ್ನೇ.

ಕಡಿದದ್ದು ಎಲ್ಲಿ?

ಅರ್ಥ್ ಎಂದರೆ ಒಂದೇ ಸರಪಳಿ. ಉಪಕರಣದ ಮೈ, ವೈರಿನ ಹಸಿರು ತಂತಿ, ದಪ್ಪ ಪಿನ್, ಸಾಕೆಟ್, ಗೋಡೆಯೊಳಗಿನ ತಂತಿ, ಡಿಬಿಯ ಅರ್ಥ್ ಪಟ್ಟಿ, ಅಲ್ಲಿಂದ ಗುಂಡಿಗೆ ಹೋಗುವ ತಂತಿ, ಗುಂಡಿಯ ಪೈಪ್, ಕೊನೆಗೆ ಮಣ್ಣು. ಒಂದೇ ಸಾಕೆಟ್‌ನಲ್ಲಿ ಅರ್ಥ್ ಇಲ್ಲ ಎಂದಾದರೆ ದೋಷ ಆ ಬೋರ್ಡಿನಲ್ಲಿದೆ. ಒಂದು ಕೋಣೆಗೇ ಇಲ್ಲ ಎಂದಾದರೆ ಆ ಕೋಣೆಗೆ ಬರುವ ತಂತಿಯಲ್ಲಿ. ಇಡೀ ಮನೆಗೆ ಇಲ್ಲ ಎಂದಾದರೆ ನೇರ ಡಿಬಿಗೆ ಮತ್ತು ಗುಂಡಿಗೆ ಹೋಗಿ, ನಡುವೆ ಸಮಯ ಕಳೆಯಬೇಡಿ.

ಬೋರ್ಡ್ ಬಿಚ್ಚಿದಾಗ ಸಿಗುವುದು ಹೆಚ್ಚಾಗಿ ಇವೇ. ಹಸಿರು ತಂತಿ ಸಾಕೆಟ್‌ಗೆ ಕೊಡದೆ ಮೂಲೆಯಲ್ಲಿ ಸುಮ್ನೆ ಮಡಚಿಟ್ಟಿರುತ್ತದೆ. ತಂತಿಗೆ ತಂತಿ ಹೊಸೆದು ಟೇಪ್ ಸುತ್ತಿದ ಜಾಯಿಂಟ್ ಕಪ್ಪಾಗಿರುತ್ತದೆ. ಮೇಲೆ ಹೊಸದಾಗಿ ಕಟ್ಟಿದ ಕೋಣೆಗೆ ಎರಡೇ ತಂತಿ ಎಳೆದಿರುತ್ತಾರೆ. ಗೋಡೆಯೊಳಗಿನ ತಂತಿ ಸರಿಯಿದೆಯೇ ಎಂದು ನೋಡಲು ಮೇನ್ ಆಫ್ ಮಾಡಿ, ಡಿಬಿಯ ಅರ್ಥ್ ಪಟ್ಟಿಯಿಂದ ಒಂದು ಉದ್ದ ತಂತಿಯನ್ನು ಸಾಕೆಟ್‌ವರೆಗೆ ನೆಲದ ಮೇಲೆ ಎಳೆದು, ಆ ತಂತಿಗೂ ಸಾಕೆಟ್‌ನ ಅರ್ಥ್‌ಗೂ ನಡುವೆ ಓಮ್ ಅಳೆಯುತ್ತಾರೆ. ಒಂದು ಓಮ್ ಒಳಗೆ ಇದ್ದರೆ ಒಳ್ಳೆಯದು.

ಹಳೆಯ ಮನೆಗಳಲ್ಲಿ ಇನ್ನೊಂದು ಕಾರಣ ಮರೆತೇ ಹೋಗಿರುತ್ತದೆ. ಆಗೆಲ್ಲ ನೀರಿನ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿಗೆ ಅರ್ಥ್ ತಂತಿ ಕಟ್ಟುತ್ತಿದ್ದರು. ಪೈಪ್ ಪೂರ್ತಿ ಕಬ್ಬಿಣದ್ದಾಗಿ ನೆಲದೊಳಗೆ ಓಡುತ್ತಿದ್ದ ಕಾಲಕ್ಕೆ ಅದು ಹೇಗೋ ನಡೆಯಿತು. ಪ್ಲಂಬರ್ ಬಂದು ಪಿವಿಸಿ ಹಾಕಿದ ದಿನವೇ ಮನೆಯ ಅರ್ಥ್ ಹೋಯಿತು. ಯಾರಿಗೂ ಗೊತ್ತಾಗಲಿಲ್ಲ, ದೀಪ–ಫ್ಯಾನ್ ಎಂದಿನ ಹಾಗೆ ಓಡುತ್ತಿದ್ದವು.

ಇನ್ನು ಅತ್ಯಂತ ಅಪಾಯದ ಕೆಲಸ ಒಂದಿದೆ: ಅರ್ಥ್ ಇಲ್ಲದ ಸಾಕೆಟ್‌ನಲ್ಲಿ ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದು ತುಂಡು ತಂತಿ ಕೊಟ್ಟುಬಿಡುವುದು. ಮೀಟರ್‌ನಲ್ಲಿ ಎಲ್ಲ ಸರಿ ಕಾಣುತ್ತದೆ, ಜುಮ್ ಎನ್ನುವುದೂ ನಿಲ್ಲುತ್ತದೆ. ಆದರೆ ಒಂದು ದಿನ ಆ ಸಾಕೆಟ್‌ಗೆ ಬರುವ ನ್ಯೂಟ್ರಲ್ ಕಡಿದರೆ ಫ್ರಿಜ್ ಒಳಗಿಂದ ಹಾದು ಬಂದ ಫೇಸ್, ಆ ತುಂಡು ತಂತಿಯ ಮೂಲಕ ಫ್ರಿಜ್ ಮೈಗೇ ಬಂದು ನಿಲ್ಲುತ್ತದೆ, ಪೂರ್ತಿ 230 ವೋಲ್ಟ್. ನ್ಯೂಟ್ರಲ್–ಅರ್ಥ್ ರೀಡಿಂಗ್, ದೊಡ್ಡ ಲೋಡ್ ಹಾಕಿದಾಗಲೂ ಕದಲದೆ ಸೊನ್ನೆಯೇ ಇದ್ದರೆ ಇದರ ಸಂಶಯ ಪಡಿ. ಫೇಸ್–ನ್ಯೂಟ್ರಲ್ ಎರಡನ್ನೂ ಕಡಿಯುವ ಮೇನ್ ಆಫ್ ಮಾಡಿ, ಪ್ಲಗ್‌ಗಳನ್ನೆಲ್ಲ ಕಿತ್ತು, ಎಡ ತೂತು ಮತ್ತು ಅರ್ಥ್ ನಡುವೆ ಓಮ್ ನೋಡಿ. ಮೀಟರ್ ಬೀಪ್ ಅಂದರೆ ಒಳಗೆಲ್ಲೋ ಎರಡೂ ಸೇರಿವೆ. ಹುಡುಕಿ ತೆಗೆಸಲೇಬೇಕು.

ಗುಂಡಿ

ಗುಂಡಿ ಎಲ್ಲಿದೆ ಎಂಬುದೇ ಎಷ್ಟೋ ಮನೆಗಳಲ್ಲಿ ಗೊತ್ತಿಲ್ಲ. ಅಂಗಳಕ್ಕೆ ಟೈಲ್ಸ್ ಹಾಕಿಸುವಾಗ ಮುಚ್ಚಿಹೋಗಿರುತ್ತದೆ. ಸಿಕ್ಕಿದರೆ ಮೊದಲು ಪೈಪಿನ ತಲೆಯ ಕ್ಲ್ಯಾಂಪ್ ಮತ್ತು ಬೋಲ್ಟ್ ನೋಡಿ. ತುಕ್ಕು ಹೊಪ್ಪಳೆ ಎದ್ದಿರುತ್ತದೆ, ತಂತಿ ಕೈಯಲ್ಲಿ ಅಲ್ಲಾಡಿಸಿದರೆ ಅಲ್ಲಾಡುತ್ತದೆ. ಹಾಗೆ ಅಲ್ಲಾಡಿಸುವ ಮುಂಚೆ ಮೇನ್ ಆಫ್ ಆಗಿರಲಿ, ಲೀಕ್ ಇರುವ ಮನೆಯಲ್ಲಿ ಆ ತಂತಿಯೇ ಲೈವ್ ಆಗಿರಬಹುದು. ಉಜ್ಜಿ, ಹೊಸ ಬೋಲ್ಟ್ ಹಾಕಿ, ಬಿಗಿದು, ಗ್ರೀಸ್ ಹಚ್ಚಿದರೆ ಅರ್ಧಕ್ಕರ್ಧ ಮನೆಗಳಲ್ಲಿ ಅಷ್ಟರಲ್ಲೇ ಕೆಲಸ ಆಗುತ್ತದೆ ಎಂಬುದು ನನ್ನ ಅಂದಾಜು.

ಪೈಪ್ ಅರ್ಥಿಂಗ್‌ಗೆ ಕನಿಷ್ಠ 2.5 ಮೀಟರ್ ಉದ್ದದ, 38 ಮಿಲಿಮೀಟರಿಗೆ ಕಡಿಮೆಯಿಲ್ಲದ ಒಳವ್ಯಾಸದ ಜಿಐ ಪೈಪ್ ಬೇಕೆಂದು ಅರ್ಥಿಂಗ್ ಕುರಿತ ಭಾರತೀಯ ಮಾನಕ ಐಎಸ್ 3043 ಹೇಳುತ್ತದೆ. ಮೂರು ಅಡಿ ಸರಳು ಹೊಡೆದು ಮುಗಿಸಿದ್ದರೆ ಬೇಸಿಗೆಯಲ್ಲಿ ಮೇಲ್ಮಣ್ಣು ಒಣಗಿದ ಕೂಡಲೇ ಅದು ಇದ್ದೂ ಇಲ್ಲದ ಹಾಗೆ. ಮಣ್ಣಿನ ಗುಣವೂ ಲೆಕ್ಕಕ್ಕೆ ಬರುತ್ತದೆ. ಬಯಲುಸೀಮೆಯ ಗರಸು ಮಣ್ಣು, ಕರಾವಳಿಯ ಮುರಕಲ್ಲು ನೀರು ಹಿಡಿದಿಡುವುದಿಲ್ಲ. ಉತ್ತರ ಕರ್ನಾಟಕದ ಎರೆಮಣ್ಣು ಒದ್ದೆ ಇದ್ದಾಗ ಚೆನ್ನ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ. ಇದ್ದಿಲು–ಉಪ್ಪು ತುಂಬುವುದು ತೇವ ನಿಲ್ಲಲಿ, ಕರೆಂಟಿನ ದಾರಿ ಸಲೀಸಾಗಲಿ ಎಂದು. ಉಪ್ಪು ಪೈಪನ್ನೂ ತಿನ್ನುತ್ತದೆ, ಅದಕ್ಕೆ ಈಗ ಬೆಂಟೊನೈಟ್ ಜೇಡಿಯ ಪುಡಿ ಹಾಕುವವರು ಜಾಸ್ತಿ. ಅದು ಒಳ್ಳೆಯದೇ.

ಗುಂಡಿ ಅಳೆಯಲು ಅರ್ಥ್ ಟೆಸ್ಟರ್ ಎಂಬ ಯಂತ್ರವೇ ಇದೆ. ಗುಂಡಿಯ ತಂತಿ ಬಿಚ್ಚಿ, ದೂರದಲ್ಲಿ ಎರಡು ಮೊಳೆ ನೆಟ್ಟು ಅಳೆಯುತ್ತಾರೆ. ಬಿಚ್ಚಿರುವಷ್ಟು ಹೊತ್ತು ಮೇನ್ ಆಫ್ ಇರಬೇಕು. ಮನೆಗೆ 5 ಓಮ್‌ಗಿಂತ ಕಡಿಮೆ ಬಂದರೆ ಖುಷಿ. ಬಾರದಿದ್ದರೆ ಮೊದಲನೆಯ ಪೈಪಿನ ಉದ್ದದಷ್ಟಾದರೂ ದೂರದಲ್ಲಿ ಇನ್ನೊಂದು ಹಾಕಿ ಎರಡನ್ನೂ ಸೇರಿಸಿದರೆ ಓಮ್ ಅರ್ಧದ ಹತ್ತಿರ ಇಳಿಯುತ್ತದೆ.

ಈ ಯಂತ್ರ ತಾರದೆ ಫೇಸ್ ಮತ್ತು ಅರ್ಥ್ ನಡುವೆ 100 ವ್ಯಾಟ್ ಬಲ್ಬ್ ಹಚ್ಚಿ "ನೋಡಿ, ಫುಲ್ ಉರೀತಿದೆ" ಎಂದು ತೋರಿಸುವುದು ರೂಢಿ. ಲೆಕ್ಕ ನೋಡಿ. ಉರಿಯುವ ಬಲ್ಬಿನ ರೆಸಿಸ್ಟೆನ್ಸ್ ಸುಮಾರು 530 ಓಮ್. ಗುಂಡಿ 100 ಓಮ್ ಇದ್ದರೂ, ಅಂದರೆ ಪೂರ್ತಿ ಕೆಟ್ಟಿದ್ದರೂ, ಬಲ್ಬಿಗೆ 190 ವೋಲ್ಟ್ ಚಿಲ್ಲರೆ ಸಿಗುತ್ತದೆ. ಕಣ್ಣಿಗೆ ಚೆನ್ನಾಗೇ ಉರಿಯುತ್ತದೆ. ಅಷ್ಟೇ ಆಗಿದ್ದರೆ ಬಿಡಬಹುದಿತ್ತು. ಅರ್ಥ್ ಎಲ್ಲೋ ಕಡಿದಿದ್ದರೆ, ಬಲ್ಬ್ ಹಚ್ಚಿದ ಕ್ಷಣ ಫೇಸ್ ಬಲ್ಬಿನ ಮೂಲಕ ಮನೆಯ ಫ್ರಿಜ್, ಗೀಸರ್, ಮೋಟರ್ ಎಲ್ಲದರ ಮೈಗೂ ಹೋಗುತ್ತದೆ. ಆಗ ಯಾರಾದರೂ ಮುಟ್ಟಿದ್ದರೆ? ಈ ಪರೀಕ್ಷೆ ಬೇಡ ಎನ್ನಿ.

ಎಂಸಿಬಿ ಇದೆಯಲ್ಲ ಎಂಬ ಧೈರ್ಯ

ಗುಂಡಿ 20 ಓಮ್ ಇದೆ ಎಂದುಕೊಳ್ಳಿ. ಗೀಸರ್‌ನ ಫೇಸ್ ನೇರ ಮೈಗೆ ತಗುಲಿತು. 230ನ್ನು 20ರಿಂದ ಭಾಗಿಸಿದರೆ 11.5 ಆಂಪ್. ಎಂಸಿಬಿ ಎಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ, ಅಂದರೆ ಆಫ್ ಆಗುವ ಸ್ವಿಚ್. 16 ಆಂಪ್ ಎಂಸಿಬಿ ಇದಕ್ಕೆ ಬೀಳುವುದೇ ಇಲ್ಲ. ಗೀಸರ್ ಮೈ ಹತ್ತಿರ ಹತ್ತಿರ 230 ವೋಲ್ಟ್‌ನಲ್ಲೇ ಇರುತ್ತದೆ. ಅರ್ಥ್ ಇದ್ದೂ ಜೀವಕ್ಕೆ ಅಪಾಯ. ಅದಕ್ಕೇ 30 ಮಿಲಿಆಂಪ್‌ನ ಆರ್‌ಸಿಸಿಬಿ ಎಂಬ, ಲೀಕ್ ಹಿಡಿಯುವ ಸ್ವಿಚ್ ಬೇಕು. ಹೋದ ಕರೆಂಟ್ ಮತ್ತು ಬಂದ ಕರೆಂಟ್ ನಡುವೆ ಅಷ್ಟು ವ್ಯತ್ಯಾಸ ಕಂಡರೆ ಅದು 0.3 ಸೆಕೆಂಡಿನೊಳಗೆ ಬೀಳಬೇಕು. ಅರ್ಥ್ ಇಲ್ಲದೆ ಆರ್‌ಸಿಸಿಬಿ ಒಂದೇ ಇದ್ದರೂ ಬೀಳುತ್ತದೆ, ಆದರೆ ಯಾರಾದರೂ ಮುಟ್ಟಿ ಶಾಕ್ ತಿಂದ ಮೇಲೆ. ಅರ್ಥ್ ಇದ್ದರೆ ಯಾರೂ ಮುಟ್ಟುವ ಮುಂಚೆಯೇ ಬೀಳುತ್ತದೆ. ಎರಡೂ ಬೇಕು.

ಆರ್‌ಸಿಸಿಬಿ ಮೇಲಿನ 'ಟೆಸ್ಟ್' ಬಟನ್ನನ್ನು ಆಗಾಗ ಒತ್ತಿ ನೋಡುವುದು ಒಳ್ಳೆಯ ಅಭ್ಯಾಸ. ಆದರೆ ಅದು ಬಿತ್ತು ಎಂದರೆ ಆರ್‌ಸಿಸಿಬಿ ಸರಿಯಿದೆ ಎಂದಷ್ಟೇ. ಆ ಬಟನ್ ಅರ್ಥ್ ತಂತಿಯನ್ನು ಬಳಸುವುದೇ ಇಲ್ಲ. ಮನೆಯಲ್ಲಿ ಅರ್ಥ್ ಇಲ್ಲದೆಯೂ ಟೆಸ್ಟ್ ಪಾಸಾಗುತ್ತದೆ.

ಅರ್ಥ್ ರಿಪೇರಿ ಆದ ಮರುದಿನವೇ ಆರ್‌ಸಿಸಿಬಿ ಪದೇ ಪದೇ ಬೀಳಲು ಶುರುವಾಗಬಹುದು. ಆಗ ಅರ್ಥ್ ತಂತಿಯನ್ನೇ ಕಿತ್ತುಹಾಕುವ ಮನೆಗಳನ್ನು ಕಂಡು ಸಂಕಟವಾಗುತ್ತದೆ. ಅಡಗಿದ್ದ ಲೀಕ್ ಈಗ ಹೊರಗೆ ಬಿದ್ದಿದೆ, ಅಷ್ಟೇ. ಎಲ್ಲ ಪ್ಲಗ್ ಕಿತ್ತು ಆರ್‌ಸಿಸಿಬಿ ಎತ್ತಿ, ಒಂದೊಂದಾಗಿ ಹಾಕುತ್ತಾ ಬನ್ನಿ. ಎಂಸಿಬಿ ಮಾತ್ರ ಇಳಿಸಿ ಹುಡುಕಿದರೆ ಕೆಲವೊಮ್ಮೆ ಸಿಗುವುದಿಲ್ಲ. ಒಂಟಿ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್‌ನಿಂದ ಮೈಗೆ ಆಗುವ ಲೀಕ್ ಹಾಗೇ ಇರುತ್ತದೆ. ಪ್ಲಗ್‌ಗಳೆಲ್ಲ ಹೊರಗಿದ್ದರೂ ಬಿದ್ದರೆ ದೋಷ ಗೋಡೆಯೊಳಗಿನ ವೈರಿಂಗ್‌ನದು, ಒದ್ದೆ ಗೋಡೆಯ ಬೋರ್ಡುಗಳಿಂದ ಶುರು ಮಾಡಲು ಹೇಳಿ.

ಎಲ್ಲ ಮುಗಿದ ಮೇಲೆ ಪ್ರತಿ ಸಾಕೆಟ್‌ನ ಮೂರು ರೀಡಿಂಗ್ ಇನ್ನೊಮ್ಮೆ ತೆಗೆಯಿರಿ. ಗುಂಡಿಯ ಓಮ್, ಅಳೆದ ತಾರೀಕು ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಡಿಬಿ ಬಾಗಿಲ ಒಳಗೆ ಅಂಟಿಸಿ. ಮುಂದಿನ ಅಳತೆಯನ್ನು ಏಪ್ರಿಲ್–ಮೇ ತಿಂಗಳಲ್ಲಿ, ಮಣ್ಣು ತೀರಾ ಒಣಗಿದ್ದಾಗ ಮಾಡಿಸಿ. ಮಳೆಗಾಲದಲ್ಲಿ ಎಲ್ಲ ಗುಂಡಿಗಳೂ ಚೆನ್ನಾಗೇ ಕಾಣುತ್ತವೆ.